ತಿಳಿನೀಲಿ ಅಂಗಿಯ ಇನ್ನೊಂದು ತಂಡ

ಫುಟ್‌ಬಾಲ್ ವಿಶ್ವಕಪ್ ಸಮೀಪಿಸಿತೆಂದರೆ ಕಾಸರಗೋಡು ಜಿಲ್ಲೆಯ ಪೇಟೆಪೇಟೆಗಳಲ್ಲಿ ದಕ್ಷಿಣ ಅಮೆರಿಕದ ಎರಡು ದೇಶಗಳು ಎದುರುಬದುರಾಗಿ ನಿಲ್ಲುತ್ತವೆ. ರಸ್ತೆಯ ಒಂದು ಬದಿಯಲ್ಲಿ ಬ್ರೆಜಿಲ್‌ನ ಹಸುರು-ಹಳದಿ, ಇನ್ನೊಂದು ಬದಿಯಲ್ಲಿ ಅರ್ಜೆಂಟೀನಾದ ತಿಳಿನೀಲಿ-ಬಿಳಿ. 2022ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯ ನಡುವೆ ಅಭಿಮಾನಿಗಳು ನಿಲ್ಲಿಸಿದ ಮೆಸ್ಸಿಯ ಕಟೌಟ್ ಜಗತ್ತಿನ ಕಣ್ಣಿಗೆ ಬಿದ್ದಿತ್ತು. ಕನ್ನಡ ಮಾಧ್ಯಮದ ಐದನೆಯ ತರಗತಿಯ ಬಾಲಕನೂ ಮರಡೋನಾ, ಮೆಸ್ಸಿ ಎಂಬ ಹೆಸರುಗಳನ್ನು ತನ್ನ ನೆರೆಮನೆಯವರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾನೆ.

ಅದೇ ತಿಳಿನೀಲಿ ಅಂಗಿಯನ್ನು ತೊಟ್ಟು, ಅದೇ ದೇಶದ ಹೆಸರಿನಲ್ಲಿ ಆಡುವ ಇನ್ನೊಂದು ತಂಡವಿದೆ. ಅದಕ್ಕೆ ಈ ಊರುಗಳಲ್ಲಿ ಬಾವುಟವಿಲ್ಲ, ಕಟೌಟ್ ಇಲ್ಲ. ಅದು ಅರ್ಜೆಂಟೀನಾದ ಪುರುಷರ ಬಾಸ್ಕೆಟ್‌ಬಾಲ್ ತಂಡ. ಜಗತ್ತಿನ ಮೊದಲ ವಿಶ್ವ ಚಾಂಪಿಯನ್ ಪಟ್ಟವೂ, ಒಲಿಂಪಿಕ್ಸ್ ಚಿನ್ನವೂ ಅದರ ಪಾಲಿಗಿವೆ. ಆದರೆ ಈ ಎರಡು ಗೆಲುವುಗಳ ನಡುವೆ ಬಿದ್ದ ಅರ್ಧ ಶತಮಾನದ ಕಂದಕವೇ ಗಡಿನಾಡಿನ ಓದುಗರು ಹೆಚ್ಚು ಗಮನಿಸಬೇಕಾದ ಸಂಗತಿ. ಆ ಕಂದಕ ಹೇಗೆ ಉಂಟಾಯಿತು, ಅದನ್ನು ದಾಟಿಸಿದವರು ಯಾರು ಎಂಬುದರಲ್ಲಿ ಸಣ್ಣ ಊರುಗಳ ಕಥೆಯೊಂದು ಅಡಗಿದೆ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಅದರೊಳಗೆ ಚೆಂಡೆಸೆಯುವ ಆಟವನ್ನು ರೂಪಿಸಿದರು. ಆ ಸಂಸ್ಥೆಯ ಶಿಕ್ಷಕರು ಹೋದಲ್ಲೆಲ್ಲ ಆಟವೂ ಹೋಯಿತು. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ಗೆ ಅದು ತಲುಪಿದ್ದು ವೈ.ಎಂ.ಸಿ.ಎ. ಮೂಲಕವೇ. ದಕ್ಷಿಣ ಭಾರತದಲ್ಲಿ ಅದು ಬೇರೂರುವುದಕ್ಕೂ ಅದೇ ಸಂಸ್ಥೆ ನೆರವಾಯಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಶಾಲೆಯಲ್ಲಿ ಕಲಿತವರು ಈ ಭಾಗದ ಅನೇಕ ಶಾಲೆಗಳಿಗೆ ವ್ಯಾಯಾಮ ಶಿಕ್ಷಕರಾಗಿ ಬಂದರು. ಎರಡು ನಾಡುಗಳಿಗೂ ಆಟ ಬಂದದ್ದು ಒಂದೇ ಬಾಗಿಲಿನಿಂದ.

1950ರಲ್ಲಿ ಮೊದಲ ವಿಶ್ವ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಬ್ಯೂನಸ್ ಐರಿಸ್‌ನ ಲೂನಾ ಪಾರ್ಕ್ ಕ್ರೀಡಾಂಗಣದಲ್ಲಿ ನಡೆಯಿತು. ಭಾಗವಹಿಸಿದ್ದು ಹತ್ತು ದೇಶಗಳು. ನವೆಂಬರ್ 3ರ ರಾತ್ರಿ ಆತಿಥೇಯರು ಅಮೆರಿಕವನ್ನು 64-50 ಅಂಕಗಳಿಂದ ಸೋಲಿಸಿದರು. ಅಮೆರಿಕ ಕಳುಹಿಸಿದ್ದು ತನ್ನ ಅತ್ಯುತ್ತಮ ವೃತ್ತಿಪರರನ್ನಲ್ಲ, ಒಂದು ಕಂಪೆನಿಯ ಹವ್ಯಾಸಿ ತಂಡವನ್ನು ಎಂಬುದು ನಿಜ. ಅರ್ಜೆಂಟೀನಾದವರೂ ಹವ್ಯಾಸಿಗಳೇ. ನಾಯಕ ರಿಕಾರ್ಡೊ ಗೊನ್ಸಾಲೆಸ್, ಕೂಟದ ಶ್ರೇಷ್ಠ ಆಟಗಾರನೆನಿಸಿದ ಆಸ್ಕರ್ ಫರ್ಲಾಂಗ್ ಮೊದಲಾದವರು ಒಂದೇ ರಾತ್ರಿಯಲ್ಲಿ ಮನೆಮಾತಾದರು. ಕ್ರೀಡಾಂಗಣದಿಂದ ಹೊರಬಂದ ಜನರು ಕೈಯಲ್ಲಿದ್ದ ಪತ್ರಿಕೆಗಳನ್ನು ಸುರುಳಿ ಸುತ್ತಿ, ಬೆಂಕಿ ಹೊತ್ತಿಸಿ, ಪಂಜಿನಂತೆ ಹಿಡಿದು ಬೀದಿಯುದ್ದಕ್ಕೂ ನಡೆದರು. ಆ ದೇಶದಲ್ಲಿ ಅದು ಇಂದಿಗೂ ‘ಪಂಜುಗಳ ರಾತ್ರಿ’ ಎಂದೇ ಪ್ರಸಿದ್ಧ. ಎರಡು ವರ್ಷಗಳ ಬಳಿಕ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು.

ಆ ಪಂಜು ನಂದಿದ್ದು ಆಟದ ಅಂಕಣದಲ್ಲಿ ಅಲ್ಲ. 1955ರಲ್ಲಿ ಸೇನಾಕ್ರಾಂತಿ ನಡೆದು ಅಧ್ಯಕ್ಷ ಹುವಾನ್ ಪೆರೋನ್ ಪದಚ್ಯುತರಾದರು. ಹಿಂದಿನ ಸರಕಾರದ ಕಾಲದಲ್ಲಿ ಗೌರವ ಪಡೆದವರೆಲ್ಲ ಹೊಸ ಆಡಳಿತದ ಕಣ್ಣಿಗೆ ಅಪರಾಧಿಗಳಾಗಿ ಕಂಡರು. ವಿಶ್ವ ಚಾಂಪಿಯನ್ನರಿಗೆ ಬಹುಮಾನವಾಗಿ ಕಾರು ಆಮದು ಮಾಡಿಕೊಳ್ಳುವ ಪರವಾನಗಿ ದೊರೆತಿತ್ತು. ಅದನ್ನೇ ಮುಂದಿಟ್ಟು, ಇವರು ಹಣಕ್ಕಾಗಿ ಆಡಿದವರು, ಹವ್ಯಾಸಿ ಆಟದ ನಿಯಮ ಮುರಿದವರು ಎಂಬ ಆರೋಪ ಹೊರಿಸಲಾಯಿತು. 1956-57ರ ಸುಮಾರಿಗೆ ಮೂವತ್ತಕ್ಕೂ ಹೆಚ್ಚು ಆಟಗಾರರ ಮೇಲೆ ಆಜೀವ ನಿಷೇಧ ಬಂದಿತು. ಇಪ್ಪತ್ತೈದು, ಮೂವತ್ತರ ಪ್ರಾಯದ, ಆಟದ ಏರುಗಾಲದಲ್ಲಿದ್ದ ಒಂದು ಇಡೀ ತಲೆಮಾರು ಒಂದು ಕಾಗದದ ಆಜ್ಞೆಯಿಂದ ಹೊರಬಿದ್ದಿತು. ಫರ್ಲಾಂಗ್ ಟೆನಿಸ್‌ನತ್ತ ತಿರುಗಿ, ಮುಂದೆ ಡೇವಿಸ್ ಕಪ್ ತಂಡಕ್ಕೆ ಮಾರ್ಗದರ್ಶಕ ನಾಯಕರಾದರು. ಸುಮಾರು ಒಂದು ದಶಕದ ಬಳಿಕ ನಿಷೇಧ ತೆರವಾಗುವ ವೇಳೆಗೆ ಉಳಿದವರ ಮೊಣಕಾಲುಗಳೂ ಆಟದಿಂದ ನಿವೃತ್ತವಾಗಿದ್ದವು.

ನಷ್ಟವಾದದ್ದು ಆಟಗಾರರು ಮಾತ್ರವಲ್ಲ. ಹಿರಿಯರು ಕಿರಿಯರಿಗೆ ಕಲಿಸುವ ಸರಪಳಿಯೇ ಕಡಿಯಿತು. 1952ರ ಬಳಿಕ ಅರ್ಜೆಂಟೀನಾದ ಬಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್ ಅಂಕಣಕ್ಕೆ ಇಳಿದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ನಡುವೆ 1980ರಲ್ಲಿ ಅರ್ಹತೆ ದೊರೆತಿದ್ದರೂ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರದಿಂದಾಗಿ ತಂಡ ಮನೆಯಲ್ಲೇ ಉಳಿಯಿತು. ನಲವತ್ತನಾಲ್ಕು ವರ್ಷಗಳೆಂದರೆ ಅಜ್ಜ ನೋಡಿದ್ದನ್ನು ಮೊಮ್ಮಗ ನಂಬಲಾಗದಷ್ಟು ದೀರ್ಘ ಕಾಲ.

ಈ ಜಡತೆಯನ್ನು ಮುರಿಯಲು ಹೊರಟವರು ಲಿಯೋನ್ ನಾಹ್ನುಡೆಲ್ ಎಂಬ ತರಬೇತುದಾರರು. ಸ್ಪೇನ್‌ನಲ್ಲಿಯೂ ತಂಡಗಳನ್ನು ತರಬೇತುಗೊಳಿಸಿದ್ದ ಅವರಿಗೆ ತಮ್ಮ ದೇಶದ ಕೊರತೆ ಸ್ಪಷ್ಟವಾಗಿ ಕಂಡಿತ್ತು. ಆಟಗಾರರಿರುವುದು ದೇಶದ ಮೂಲೆಮೂಲೆಗಳಲ್ಲಿ, ಗಮನ ಸಿಗುವುದು ರಾಜಧಾನಿಯ ಕ್ಲಬ್ಬುಗಳಿಗೆ ಮಾತ್ರ. ದೂರದ ಪ್ರಾಂತಗಳ ಹುಡುಗರು ತಮ್ಮ ಊರಿನವರೊಂದಿಗೇ ಆಡಿ, ತಮ್ಮ ಊರಿನವರನ್ನೇ ಗೆದ್ದು, ಅಲ್ಲಿಗೇ ಮುಗಿಯುತ್ತಿದ್ದರು. ದೇಶದ ಎಲ್ಲ ಭಾಗಗಳ ಕ್ಲಬ್ಬುಗಳು ಒಂದೇ ಲೀಗಿನಲ್ಲಿ, ಪರಸ್ಪರರ ಊರುಗಳಿಗೆ ಹೋಗಿ ಆಡಬೇಕು, ಸಣ್ಣ ಊರಿನ ತಂಡಕ್ಕೂ ಕೆಳಹಂತದಿಂದ ಮೇಲೇರುವ ದಾರಿ ಇರಬೇಕು ಎಂಬುದು ಅವರ ಯೋಜನೆ. ವಿರೋಧವಿತ್ತು, ಕುಹಕವಿತ್ತು, ಅಷ್ಟು ವಿಸ್ತಾರವಾದ ದೇಶದಲ್ಲಿ ಪ್ರಯಾಣದ ಖರ್ಚು ಯಾರು ಕೊಡುವರು ಎಂಬ ಪ್ರಶ್ನೆಯೂ ಇತ್ತು. ಊರೂರು ತಿರುಗಿ, ಸಭೆಗಳಲ್ಲಿ ವಾದಿಸಿ, ನಾಹ್ನುಡೆಲ್ ಅದನ್ನು ಸಾಧಿಸಿದರು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಅದರ ಮರುವರ್ಷ, 1985ರಲ್ಲಿ, ಅರ್ಜೆಂಟೀನಾದ ರಾಷ್ಟ್ರೀಯ ಲೀಗ್ ಆರಂಭವಾಯಿತು.

ಮೊದಲ ಪ್ರಶಸ್ತಿ ರಾಜಧಾನಿಯ ಫೆರೊ ಕ್ಲಬ್ಬಿಗೇ ಹೋಯಿತು. ಆದರೆ ಕೆಲವೇ ವರ್ಷಗಳಲ್ಲಿ ಕಾರ್ದೊಬಾ ನಗರದ ಅತೇನಾಸ್ ಕ್ಲಬ್ ಮತ್ತೆ ಮತ್ತೆ ಗೆಲ್ಲತೊಡಗಿತು. ಅದಕ್ಕಿಂತ ಮುಖ್ಯವಾಗಿ, ಸಣ್ಣ ಊರುಗಳ ಮಕ್ಕಳು ದೇಶದ ಅತ್ಯುತ್ತಮ ಆಟಗಾರರನ್ನು ದೂರದರ್ಶನದಲ್ಲಲ್ಲ, ತಮ್ಮದೇ ಊರಿನ ಅಂಕಣದಲ್ಲಿ ಕಣ್ಣಾರೆ ಕಾಣುವಂತಾಯಿತು.

ಅಂಥ ಊರುಗಳಲ್ಲಿ ಬಾಹಿಯಾ ಬ್ಲಾಂಕಾದ ಹೆಸರು ಮೊದಲು ಬರುತ್ತದೆ. ಅದು ಅಟ್ಲಾಂಟಿಕ್ ತೀರದ ಬಂದರು ನಗರ. ರಾಜಧಾನಿಯಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾಸರಗೋಡಿನಿಂದ ತಿರುವನಂತಪುರಕ್ಕಿರುವ ದಾರಿಗಿಂತ ತುಸು ಹೆಚ್ಚೇ. ಫುಟ್‌ಬಾಲ್ ಹುಚ್ಚಿನ ದೇಶದಲ್ಲಿ ಈ ನಗರದ ಹುಚ್ಚು ಮಾತ್ರ ಬಾಸ್ಕೆಟ್‌ಬಾಲ್. ಬೀದಿಗೊಂದು ಎಂಬಂತೆ ಕ್ಲಬ್ಬುಗಳು. ಅವುಗಳಲ್ಲಿ ಬಾಹಿಯೆನ್ಸೆ ದೆಲ್ ನೊರ್ತೆ ಎಂಬ ಪುಟ್ಟ ಕ್ಲಬ್ಬಿನ ಆಡಳಿತವನ್ನೂ ತರಬೇತಿಯನ್ನೂ ನೋಡಿಕೊಳ್ಳುತ್ತಿದ್ದವರಲ್ಲಿ ಹೋರ್ಹೆ ಜಿನೊಬಿಲಿ ಒಬ್ಬರು. ಅವರಿಗೆ ಮೂವರು ಗಂಡುಮಕ್ಕಳು, ಮೂವರೂ ಆಟಗಾರರು. 1977ರಲ್ಲಿ ಹುಟ್ಟಿದ ಕಿರಿಯವನು ಮಾನು. ಅಣ್ಣಂದಿರಿಗಿಂತ ಗಿಡ್ಡನಾಗಿಯೇ ಉಳಿದುಬಿಡುವೆನೇನೋ ಎಂಬ ಚಿಂತೆಯಲ್ಲಿ ಆತ ಅಡುಗೆಮನೆಯ ಗೋಡೆಗೆ ಬೆನ್ನು ತಾಗಿಸಿ ನಿಂತು ತನ್ನ ಎತ್ತರವನ್ನು ಗುರುತು ಹಾಕಿಸಿಕೊಳ್ಳುತ್ತಿದ್ದ. ರಾಷ್ಟ್ರೀಯ ಲೀಗಿನಲ್ಲಿ ಮೊದಲು ದೂರದ ಲಾ ರಿಯೋಹಾ ಪ್ರಾಂತದ ಕ್ಲಬ್ಬಿಗೆ, ಬಳಿಕ ತನ್ನ ಊರಿಗೇ ಆಡಿದ. ಅಲ್ಲಿಂದ ಇಟಲಿಗೆ, ಇಟಲಿಯಿಂದ 2002ರಲ್ಲಿ ಅಮೆರಿಕದ ಎನ್‌.ಬಿ.ಎ. ಲೀಗಿನ ಸ್ಯಾನ್ ಆಂಟೋನಿಯೊ ತಂಡಕ್ಕೆ. 1999ರಲ್ಲಿ ಆ ಲೀಗ್ ಹೊಸ ಆಟಗಾರರನ್ನು ಆಯ್ದುಕೊಂಡಾಗ ಆತನ ಸ್ಥಾನ 57ನೆಯದು. ಆಯ್ಕೆಯಾದವರೇ 58 ಮಂದಿ. ಅಂಥವನು ಮುಂದೆ ನಾಲ್ಕು ಬಾರಿ ಎನ್‌.ಬಿ.ಎ. ಪ್ರಶಸ್ತಿ ಗೆದ್ದ ತಂಡದ ಆಧಾರಸ್ತಂಭವಾದ.

2002ರ ಸೆಪ್ಟೆಂಬರ್ 4ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಎನ್‌.ಬಿ.ಎ. ಆಟಗಾರರನ್ನು ಕಣಕ್ಕಿಳಿಸತೊಡಗಿದ 1992ರಿಂದ ಅಂಥ ಅಮೆರಿಕ ತಂಡ ಸತತ 58 ಪಂದ್ಯಗಳನ್ನು ಗೆದ್ದಿತ್ತು. ಆ ಸಂಜೆ ಅರ್ಜೆಂಟೀನಾ 87-80ರಿಂದ ಆ ಸರಣಿಯನ್ನು ಮುರಿಯಿತು. ಫೈನಲ್‌ನಲ್ಲಿ, ಜಿನೊಬಿಲಿಯ ಕಾಲು ಉಳುಕಿದ್ದ ಸ್ಥಿತಿಯಲ್ಲಿ, ಹೆಚ್ಚುವರಿ ಅವಧಿಯ ಆಟದ ಬಳಿಕ ಯುಗೊಸ್ಲಾವಿಯಕ್ಕೆ 84-77ರಿಂದ ಸೋತಿತು.

ಎರಡು ವರ್ಷಗಳ ಬಳಿಕ ಅಥೆನ್ಸ್ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲೇ ಅದೇ ಎದುರಾಳಿ, ಸೆರ್ಬಿಯಾ-ಮಾಂಟೆನೆಗ್ರೊ ಎಂಬ ಹೊಸ ಹೆಸರಿನಲ್ಲಿ. ನಾಲ್ಕು ಸೆಕೆಂಡುಗಳೂ ಉಳಿದಿರಲಿಲ್ಲ, ಅರ್ಜೆಂಟೀನಾ ಒಂದು ಅಂಕ ಹಿಂದೆ. ಅಲೆಹಾಂದ್ರೊ ಮಾಂತೆಕಿಯಾ ಚೆಂಡನ್ನು ಓಡಿಸಿಕೊಂಡು ಬಂದು ಜಿನೊಬಿಲಿಗೆ ಕೊಟ್ಟರು. ಜಿನೊಬಿಲಿ ಬೀಳುತ್ತ ಬೀಳುತ್ತಲೇ ಎಸೆದ ಚೆಂಡು ಬುಟ್ಟಿ ಸೇರಿತು. 83-82. ಚೆಂಡು ಕೊಟ್ಟವರೂ ಎಸೆದವರೂ ಒಂದೇ ಊರಿನವರು, ಬಾಹಿಯಾ ಬ್ಲಾಂಕಾದವರು. ತಂಡದ ಆಟವನ್ನು ಹೆಣೆಯುತ್ತಿದ್ದ ಪೆಪೆ ಸಾಂಚೆಸ್ ಕೂಡ ಆ ಊರಿನವರೇ. ಫ್ಯಾಬ್ರಿಸಿಯೊ ಒಬೆರ್ತೊ ಕಾರ್ದೊಬಾ ಪ್ರಾಂತದ ಸಣ್ಣ ಪಟ್ಟಣದವರು, ಆಂದ್ರೆಸ್ ನೊಸಿಯೊನಿ ಮತ್ತು ಕಾರ್ಲೊಸ್ ಡೆಲ್ಫಿನೊ ಸಾಂತಾ ಫೆಯವರು, ತರಬೇತುದಾರ ರುಬೆನ್ ಮಾಗ್ನಾನೊ ವಿಯಾ ಮರಿಯಾದವರು. ಲೂಯಿಸ್ ಸ್ಕೋಲಾ ಬ್ಯೂನಸ್ ಐರಿಸ್‌ನವರು. ತಂಡದ ಪಟ್ಟಿಯೇ ದೇಶದ ಭೂಪಟದಂತಿತ್ತು.

ಸೆಮಿಫೈನಲ್‌ನಲ್ಲಿ ಟಿಮ್ ಡಂಕನ್, ಅಲೆನ್ ಐವರ್ಸನ್, ಹತ್ತೊಂಬತ್ತರ ಲೆಬ್ರಾನ್ ಜೇಮ್ಸ್ ಇದ್ದ ಅಮೆರಿಕ ತಂಡ 89-81ರಿಂದ ಸೋತಿತು. 2004ರ ಆಗಸ್ಟ್ 28ರಂದು ಇಟಲಿಯನ್ನು 84-69ರಿಂದ ಮಣಿಸಿ ಅರ್ಜೆಂಟೀನಾ ಚಿನ್ನ ಗೆದ್ದಿತು. ಅದೇ ದಿನ ಆ ದೇಶದ ಫುಟ್‌ಬಾಲ್ ತಂಡವೂ ಚಿನ್ನ ಗೆದ್ದಿತ್ತು. 1952ರ ಬಳಿಕ ಅರ್ಜೆಂಟೀನಾಕ್ಕೆ ದೊರೆತ ಮೊದಲ ಒಲಿಂಪಿಕ್ಸ್ ಚಿನ್ನಗಳು ಅವೇ. ಇದನ್ನು ಕಾಣಲು ನಾಹ್ನುಡೆಲ್ ಇರಲಿಲ್ಲ. 1998ರಲ್ಲೇ ಅವರು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಮುಂದಿನ ದಾರಿ ಏರಿಳಿತದ್ದು. 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು. 2014ರಲ್ಲಿ ಆಟಗಾರರೇ ಒಗ್ಗಟ್ಟಾಗಿ ತಮ್ಮ ಆಟದ ಆಡಳಿತ ಮಂಡಳಿಯ ಲೆಕ್ಕಪತ್ರಗಳ ಬಗ್ಗೆ ಬಹಿರಂಗವಾಗಿ ಪ್ರಶ್ನೆ ಎತ್ತಿದರು, ಮುಂಚೂಣಿಯಲ್ಲಿದ್ದವರು ಸ್ಕೋಲಾ. 2019ರಲ್ಲಿ, ಮೂವತ್ತೊಂಬತ್ತರ ಸ್ಕೋಲಾ ಜೊತೆಗಿದ್ದಾಗ, ವಿಶ್ವಕಪ್‌ನ ಎರಡನೆಯ ಸ್ಥಾನ. 2021ರಲ್ಲಿ ಟೋಕಿಯೊದಲ್ಲಿ ಅವರು ಕೊನೆಯ ಬಾರಿ ಅಂಕಣದಿಂದ ಹೊರನಡೆದಾಗ ಎದುರಾಳಿ ಆಸ್ಟ್ರೇಲಿಯಾದ ಆಟಗಾರರೂ ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಬಳಿಕ ತಂಡಕ್ಕೆ 2023ರ ವಿಶ್ವಕಪ್‌ಗೂ 2024ರ ಒಲಿಂಪಿಕ್ಸ್‌ಗೂ ಅರ್ಹತೆ ದೊರೆಯಲಿಲ್ಲ. ಒಂದು ತಲೆಮಾರಿನ ಫಸಲು ಮುಗಿದಿತ್ತು, ಮತ್ತೆ ಬಿತ್ತಬೇಕಿತ್ತು. ಆದರೆ ಈ ಬಾರಿ ಬಿತ್ತಲು ಹೊಲವಿದೆ. ಬಾಹಿಯಾ ಬ್ಲಾಂಕಾದ ಬೀದಿಯ ಕ್ಲಬ್ಬುಗಳೂ ರಾಷ್ಟ್ರೀಯ ಲೀಗೂ ಇಂದಿಗೂ ನಡೆಯುತ್ತಿವೆ.

ಈ ಕಥೆಯನ್ನು ಓದುವ ಗಡಿನಾಡಿನ ತಂದೆತಾಯಂದಿರಿಗೆ ಬೀದಿಯ ಕ್ಲಬ್ ಎಂಬುದು ಹೊಸದಲ್ಲ. ಇಲ್ಲಿಯ ಊರುಗಳಲ್ಲಿಯೂ ಕ್ಲಬ್ಬುಗಳಿವೆ, ವಾಚನಾಲಯಗಳಿವೆ, ಬೇಸಗೆಯ ಇರುಳಿನಲ್ಲಿ ದೀಪ ಹಾಕಿ ನಡೆಸುವ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಿವೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕೇಳಿಬರುವ ಚಿಂತೆ ಬೇರೆ. ಮಕ್ಕಳ ಸಂಖ್ಯೆ ಕಡಿಮೆಯಾದಲ್ಲಿ ಹನ್ನೊಂದು ಮಂದಿಯ ಫುಟ್‌ಬಾಲ್ ತಂಡ ಕಟ್ಟುವುದೇ ಕಷ್ಟ. ತಂಡವಿಲ್ಲದ ಶಾಲೆ ಉಪಜಿಲ್ಲಾ ಮಟ್ಟದ ಕೂಟಕ್ಕೆ ಹೋಗುವುದಿಲ್ಲ, ಹೋಗದ ಶಾಲೆಯ ಮಗುವಿನ ಆಟವನ್ನು ಯಾರೂ ಕಾಣುವುದಿಲ್ಲ. ನಾಹ್ನುಡೆಲ್ ಕಂಡ ಕೊರತೆಯೂ ಇದೇ ಆಗಿತ್ತು.

ಈಗ ಬಾಸ್ಕೆಟ್‌ಬಾಲ್‌ನದೇ ಒಂದು ಸಣ್ಣ ರೂಪ ಪ್ರಚಾರದಲ್ಲಿದೆ. ಟೋಕಿಯೊದಿಂದ ಅದು ಒಲಿಂಪಿಕ್ಸ್‌ಗೂ ಸೇರಿದೆ. ತಂಡಕ್ಕೆ ಮೂವರು ಆಟಗಾರರು, ಒಬ್ಬ ಬದಲಿ. ಬೇಕಾದದ್ದು ಅರ್ಧ ಅಂಕಣ, ಒಂದೇ ಕಂಬ, ಒಂದೇ ಬುಟ್ಟಿ. ಹತ್ತು ನಿಮಿಷ ಮುಗಿಯುವ ಮೊದಲೇ 21 ಅಂಕ ಗಳಿಸಿದವರು ಗೆದ್ದಂತೆ. ದೊಡ್ಡವರಿಗೆ ಬುಟ್ಟಿಯ ಎತ್ತರ 3.05 ಮೀಟರ್, ಹನ್ನೆರಡಕ್ಕಿಂತ ಕೆಳಗಿನ ಮಕ್ಕಳಿಗೆ 2.60 ಮೀಟರ್ ಸಾಕು. ತರಗತಿಯಲ್ಲಿ ಎಂಟೇ ಮಕ್ಕಳಿದ್ದರೂ ಎರಡು ತಂಡಗಳಾಗುತ್ತವೆ. ನೆರೆಯ ಶಾಲೆಯಲ್ಲಿ ಎಂಟು ಮಕ್ಕಳಿದ್ದರೆ ಅಲ್ಲಿಯೂ ಎರಡು. ನಾಲ್ಕು ತಂಡಗಳಿದ್ದರೆ ಒಂದು ಶನಿವಾರದ ಮಧ್ಯಾಹ್ನಕ್ಕೆ ಒಂದು ಲೀಗ್ ಸಾಧ್ಯ, ಮುಂದಿನ ಶನಿವಾರಕ್ಕೆ ಪರಸ್ಪರರ ಅಂಗಳ.