ಬಲಿಪೀಠವೂ ಸ್ತ್ರೀಯರೂ

ರೋಮನ್ ಕಥೋಲಿಕ ಧರ್ಮಸಭೆಯಲ್ಲಿ ಸ್ತ್ರೀಯರಿಗೆ ಯಾಜಕದೀಕ್ಷೆ ಸಲ್ಲದೆಂಬ ನಿಯಮವು ಇಂದಿಗೂ ಅಚಲವಾಗಿ ನಿಂತಿದೆ. ಸ್ನಾನದೀಕ್ಷೆ ಪಡೆದ ಪುರುಷನೊಬ್ಬನೇ ಅದಕ್ಕೆ ಅರ್ಹನೆಂದು 1983ರ ಧರ್ಮಸಂಹಿತೆಯ 1024ನೆಯ ವಿಧಿಯು ಸಾರುತ್ತದೆ. ಇದನ್ನು ಬದಲಿಸುವ ಅಧಿಕಾರವೇ ಸಭೆಗಿಲ್ಲವೆಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1994ರಲ್ಲಿ ಅಪ್ಪಣೆ ಕೊಡಿಸಿದರು. ಅಪ್ಪಣೆಯು ವಾದವನ್ನು ನಿಲ್ಲಿಸಬಹುದು; ವಾದಕ್ಕೆ ಉತ್ತರವಾಗಲಾರದು. ಆದಕಾರಣ ಈ ನಿಯಮಕ್ಕೆ ಆಧಾರವೆಂದು ಹೇಳಲ್ಪಡುವ ಯುಕ್ತಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು ವಿಚಾರಶೀಲರಾದ ವಾಚಕರಿಗೆ ಅನುಚಿತವೆನಿಸದೆಂದು ನಂಬುತ್ತೇವೆ.

ಕ್ರಿಸ್ತನು ಆರಿಸಿಕೊಂಡ ಹನ್ನೆರಡು ಮಂದಿಯೂ ಪುರುಷರೆಂಬುದು ಮೊದಲನೆಯ ಯುಕ್ತಿ. ನಿಜವೇ. ಆದರೆ ಅವರೆಲ್ಲರೂ ಯೆಹೂದ್ಯರೂ ಆಗಿದ್ದರಷ್ಟೆ? ಅವರಲ್ಲಿ ಅಗ್ರಗಣ್ಯನಾದ ಪೇತ್ರನಿಗೆ ಅತ್ತೆಯಿದ್ದಳೆಂದು ಸುವಾರ್ತೆಯೇ ಹೇಳುತ್ತದೆ. ಯೆಹೂದ್ಯರಲ್ಲದವರಿಗೆ ದೀಕ್ಷೆ ಕೊಡುವಾಗಲೂ, ಲತೀನ್ ಸಂಪ್ರದಾಯದಲ್ಲಿ ವಿವಾಹಿತರಿಗೆ ಸಾಮಾನ್ಯವಾಗಿ ಅದನ್ನು ನಿರಾಕರಿಸುವಾಗಲೂ ಆ ಹನ್ನೆರಡು ಮಂದಿಯ ಮೇಲ್ಪಂಕ್ತಿಯು ಅಡ್ಡಬಾರದು. ಸ್ತ್ರೀಯೊಬ್ಬಳು ಮುಂದೆ ಬಂದು ನಿಂತರೆ ಮಾತ್ರ ಅಡ್ಡಬರುವುದು! ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಕೆಂಖ್ರೆಯ ಸಭಾಸೇವಕಿ ಫೊಯಿಬೆಯನ್ನು ಆದರದಿಂದ ಪರಿಚಯಿಸುತ್ತಾನೆ. ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳೆಂದು ಯೊವಾನ್ನನ ಸುವಾರ್ತೆಯು ತಿಳಿಸುತ್ತದೆ. ಅಂಥವಳನ್ನು ಆರನೆಯ ಶತಮಾನದ ಅಂತ್ಯದಲ್ಲಿ ಮಹಾ ಗ್ರೆಗರಿಯವರು ಬೇರೊಬ್ಬ ಪಾಪಿನಿಯೊಡನೆ ಒಂದುಮಾಡಿ ಬೋಧಿಸಿದರು. ಆ ಕಳಂಕವು ಶತಮಾನಗಳವರೆಗೆ ಅವಳನ್ನು ಬಿಡಲಿಲ್ಲ. 2016ರಲ್ಲಿ ಅವಳ ಸ್ಮರಣೆಯ ದಿನವು ಅಪೊಸ್ತಲರ ಹಬ್ಬಗಳ ಪದವಿಗೆ ಏರಿತು. ಪದವಿ ಸಂದದ್ದು ಹಬ್ಬಕ್ಕೆ, ಅವಳ ಹೆಣ್ಣುಮಕ್ಕಳಿಗಲ್ಲ.

ಎರಡನೆಯ ಯುಕ್ತಿಯು ಹೆಚ್ಚು ಸೂಕ್ಷ್ಮವಾದುದು. ಬಲಿಪೀಠದಲ್ಲಿ ಯಾಜಕನು ಕ್ರಿಸ್ತನ ಸ್ಥಾನದಲ್ಲಿ ನಿಲ್ಲುವುದರಿಂದ ಅವನಿಗೆ ಕ್ರಿಸ್ತನ ಸಹಜ ಸಾದೃಶ್ಯವಿರಬೇಕು, ಅದು ಪುರುಷನಲ್ಲಿ ಮಾತ್ರ ಉಂಟು ಎಂದು ರೋಮಿನ ವಿಶ್ವಾಸಬೋಧನಾ ಪೀಠವು 1976ರಲ್ಲಿ ಪ್ರತಿಪಾದಿಸಿತು. ಆದರೆ ದೇವಪುತ್ರನು ಯಾವುದನ್ನು ಧರಿಸಲಿಲ್ಲವೋ ಅದಕ್ಕೆ ಉದ್ಧಾರವಿಲ್ಲವೆಂಬುದು ನಾಲ್ಕನೆಯ ಶತಮಾನದ ನಾಜಿಯಾನ್ಜಿನ ಗ್ರೆಗರಿಯ ಸಿದ್ಧಾಂತ. ಸಭೆಯು ಅದನ್ನು ಗೌರವಿಸುತ್ತ ಬಂದಿದೆ. ಅವನು ಧರಿಸಿದ್ದು ಮನುಷ್ಯತ್ವವನ್ನೋ, ಪುರುಷತ್ವವನ್ನೋ? ಪುರುಷತ್ವವೇ ಮುಖ್ಯವೆಂದರೆ ಸ್ತ್ರೀಯರ ಉದ್ಧಾರಕ್ಕೇ ಭಂಗ ಬರುವುದು. ಮನುಷ್ಯತ್ವವೇ ಮುಖ್ಯವೆಂದರೆ, ಉದ್ಧಾರಕ್ಕೆ ಸಾಕಾದ ಸಾದೃಶ್ಯವು ಬಲಿಪೀಠಕ್ಕೆ ಸಾಲದೆ ಹೋಗುವುದು ಹೇಗೆ? ಅಮೆರಿಕದ ಧರ್ಮಭಗಿನಿ ಎಲಿಜಬೆತ್ ಜಾನ್ಸನ್ನರಂಥ ದೇವಶಾಸ್ತ್ರಜ್ಞೆಯರು ಎತ್ತಿರುವ ಈ ಪ್ರಶ್ನೆಗೆ ಸಮಾಧಾನಕರವಾದ ಉತ್ತರವನ್ನು ನಾವು ಕಂಡಿಲ್ಲ. ಆಪತ್ಕಾಲದಲ್ಲಿ ಸ್ತ್ರೀಯು ಕೊಟ್ಟ ಸ್ನಾನದೀಕ್ಷೆಯು ಸಿಂಧುವೆಂದು ಸಭೆಯೇ ಒಪ್ಪುತ್ತದೆ. ಲತೀನ್ ಸಂಪ್ರದಾಯದ ಬೋಧೆಯಂತೆ ವಿವಾಹಸಂಸ್ಕಾರವನ್ನು ನೆರವೇರಿಸುವವರು ವಧೂವರರೇ. ಹಾಗಾದರೆ ಕೃಪೆಯು ಸ್ತ್ರೀಯ ಕೈಯಿಂದ ಹರಿಯಲಾರದೆಂದು ಹೇಳುವಂತಿಲ್ಲ.

ಮಾತೆ ಮರಿಯಳಿಗೆ ಸಲ್ಲುವ ಗೌರವವೇ ಸ್ತ್ರೀಕುಲಕ್ಕೆ ಸಾಲದೆ, ಎಂದು ಕೆಲವರು ಕೇಳುವರು. ಪ್ರತಿಮೆಗೆ ಕಿರೀಟವಿಟ್ಟು ಮನೆಯವಳಿಗೆ ಮೌನವನ್ನು ವಿಧಿಸುವ ಪದ್ಧತಿಯು ದೇವಿಯನ್ನು ಪೂಜಿಸುವ ನಮ್ಮ ನಾಡಿಗೆ ಹೊಸದಲ್ಲ. ಯಾಜಕತ್ವವು ಹಕ್ಕಲ್ಲ, ದೇವರ ಕರೆಯೆಂದು ಮತ್ತೆ ಕೆಲವರು ಹೇಳುವರು. ಒಪ್ಪೋಣ. ಆದರೆ ಪುರುಷನು ಕರೆ ಬಂತೆಂದರೆ ಅದನ್ನು ವರ್ಷಗಟ್ಟಲೆ ಪರೀಕ್ಷಿಸುವರು; ಸ್ತ್ರೀಯು ಹಾಗೆಂದರೆ ಪರೀಕ್ಷಿಸದೆಯೇ ಸುಳ್ಳೆನ್ನುವರು. ಇದು ವಿವೇಚನೆಯಲ್ಲ, ಪೂರ್ವನಿರ್ಣಯ.

ಏನೂ ಬದಲಾಗಿಲ್ಲವೆಂದು ನಾವು ಹೇಳೆವು. 2021ರಲ್ಲಿ ವಾಚಕ ಮತ್ತು ಪೀಠಸೇವಕ ಪದವಿಗಳು ಸ್ತ್ರೀಯರಿಗೆ ತೆರೆದವು. 2023ರ ಸಿನೊಡಿನಲ್ಲಿ ಅವರಿಗೆ ಮತಾಧಿಕಾರ ದೊರೆಯಿತು. 2025ರಲ್ಲಿ ಧರ್ಮಭಗಿನಿ ಸಿಮೋನಾ ಬ್ರಂಬಿಲ್ಲಾ ರೋಮಿನ ಒಂದು ಮಹಾಶಾಖೆಗೆ ಅಧ್ಯಕ್ಷೆಯಾದರು. ಆದರೆ ಲೋಕದಲ್ಲೆಲ್ಲ ರೋಗಿಗಳ ಹಾಸಿಗೆಯ ಬಳಿ ರಾತ್ರಿಯೆಲ್ಲ ಎಚ್ಚರವಿರುವ ಧರ್ಮಭಗಿನಿಯರು, ಸಾಯುವವನು ಪಾಪನಿವೇದನೆಗೆ ಬಾಯ್ದೆರೆದಾಗ, ಯಾಜಕನು ಬರುವನೆ ಎಂದು ಬಾಗಿಲನ್ನು ನೋಡಬೇಕು. ಮಂಗಳೂರಿನಲ್ಲಿ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯನ್ನು ಕೊಟ್ಟ ಭಗಿನಿಯರ ಮಠದಲ್ಲಿಯೂ ಪೂಜೆಯು ಪುರುಷನಿಲ್ಲದೆ ನಡೆಯದು. ಸೇವೆಯಲ್ಲಿ ಸರಿಸಮಾನಳಾದವಳು ಸಂಸ್ಕಾರದಲ್ಲಿ ಏಕೆ ಹೊರಗಿನವಳು? ನಿಷೇಧಿಸುವವರು ಉತ್ತರಿಸಲಿ.