ತಿಮಿಯನ್ನು ನುಂಗುವುದು

ಮೊನ್ನೆ ಮೊಮ್ಮಗಳ ಪ್ರಬಂಧವನ್ನು ತಿದ್ದಲು ಕುಳಿತಿದ್ದೆ. ‘ತಿಮಿಂಗಿಲವು ಎಲ್ಲಕ್ಕಿಂತ ದೊಡ್ಡ ಮೀನು’ ಎಂದು ಅವಳು ಆರಂಭಿಸಿದ್ದಳು. ನಾನು ‘ತಿಮಿಂಗಿಲ’ವನ್ನು ಹೊಡೆದು ‘ತಿಮಿಂಗಲ’ ಎಂದು ಮಾಡಿದೆ.

“ಹಾಗೇಕೆ, ತಾತ?”

“ಎಲ್ಲರೂ ಹಾಗೆಯೇ ಬರೆಯುತ್ತಾರಮ್ಮ.”

ಉತ್ತರ ನನಗೇ ರುಚಿಸಲಿಲ್ಲ. ಎದ್ದು ಕೋಶವನ್ನು ತೆಗೆದೆ.

‘ತಿಮಿ’ ಎಂಬುದು ಸಂಸ್ಕೃತದಲ್ಲಿ ಕಡಲಿನ ಒಂದು ಹೆಮ್ಮೀನಿನ ಹೆಸರು. ಕನ್ನಡದಲ್ಲಿ ಈ ಪದ ಒಂಟಿಯಾಗಿ ಕಾಣಸಿಗುವುದು ಅಪರೂಪ. ‘ಗಿಲ’ ಎಂದರೆ ನುಂಗುವಂಥದು. ತಿಮಿಯನ್ನೇ ನುಂಗುವುದು ತಿಮಿಂಗಿಲ. ಹೆಬ್ಬಾವಿಗೆ ‘ಅಜಗರ’, ಅಂದರೆ ಆಡನ್ನು ನುಂಗುವುದು, ಎಂಬ ಹೆಸರು ಬಂದದ್ದೂ ಇದೇ ಧಾತುವಿನಿಂದ. ‘ತಿಮಿಂಗಲ’ ರೂಢಿಯಲ್ಲಿದೆ, ನಿಜ. ಆದರೆ ಅರ್ಥದ ಎಳೆಯನ್ನು ಹಿಡಿದು ನಡೆದರೆ ದೊರೆಯುವ ರೂಪ ‘ತಿಮಿಂಗಿಲ’ವೇ.

ಹಿಂದಿನವರ ಕಲ್ಪನೆ ಅಲ್ಲಿಗೇ ನಿಲ್ಲಲಿಲ್ಲ. ತಿಮಿಂಗಿಲವನ್ನೂ ನುಂಗುವ ‘ತಿಮಿಂಗಿಲಗಿಲ’ವೊಂದು ಇದೆಯೆಂದರು, ವ್ಯಾಕರಣಕಾರರು ಆ ರೂಪಕ್ಕೊಂದು ನಿಯಮವನ್ನೂ ಹೇಳಿದರು! ದಂಡಿಸುವ ಅರಸನಿಲ್ಲದಲ್ಲಿ ಬಲ್ಲಿದನು ದುರ್ಬಲನನ್ನು ನುಂಗುವುದಕ್ಕೆ ಕೌಟಿಲ್ಯನು ‘ಮಾತ್ಸ್ಯನ್ಯಾಯ’ವೆಂದು ಹೆಸರಿಟ್ಟನು. ಇಂದು ದೊಡ್ಡ ಲಂಚಕೋರರನ್ನು ‘ತಿಮಿಂಗಿಲಗಳು’ ಎನ್ನುವಾಗ ನಾವು ಆ ಹಳೆಯ ಮಾತನ್ನೇ ಆಡುತ್ತಿದ್ದೇವೆ.

ಇನ್ನು ಪ್ರಾಣಿಯ ವಿಷಯ. ಅಮರಕೋಶವು ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿಟ್ಟಿದೆ. ನಾವು ಇಂದು ಆ ಹೆಸರಿನಿಂದ ಕರೆಯುವ ಪ್ರಾಣಿಯಾದರೋ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಹಾಕಿ ಹಾಲೂಡಿಸುತ್ತದೆ. 1758ರಲ್ಲಿ ಲಿನೇಯಸ್ ಅದನ್ನು ಮೀನುಗಳಿಂದ ಬೇರ್ಪಡಿಸಿ ಸಸ್ತನಿಗಳ ಗುಂಪಿಗೆ ಸೇರಿಸಿದನು. ವಿನೋದವೆಂದರೆ, ಸುಮಾರು 30 ಮೀಟರು ಬೆಳೆಯಬಲ್ಲ ನೀಲಿ ತಿಮಿಂಗಿಲದ ಮುಖ್ಯ ಆಹಾರ ಸಿಗಡಿಯಂಥ ಕಿರುಜೀವಿಗಳು. ಹೆಸರಿಗೆ ಹೆಮ್ಮೀನು ನುಂಗುವ ವೀರ. ಊಟಕ್ಕೆ ಬೆರಳುದ್ದದ ಸಿಗಡಿ!

ಹಾಗೆಂದು ಪದವನ್ನು ಬಿಡಬೇಕಾಗಿಲ್ಲ. ಹೆಸರು ಹಿರಿಯರ ಬೆರಗನ್ನು ಹೇಳುತ್ತದೆ, ಶಾಸ್ತ್ರ ಪ್ರಾಣಿಯ ಸ್ವಭಾವವನ್ನು ಹೇಳುತ್ತದೆ. ಮಕ್ಕಳಿಗೆ ಎರಡೂ ಬೇಕು.

ಕೋಶವನ್ನು ಮುಚ್ಚಿ ಮೊಮ್ಮಗಳ ಪುಸ್ತಕವನ್ನು ಮತ್ತೆ ಬಿಡಿಸಿದೆ. ಆ ಒಂದೇ ವಾಕ್ಯದಲ್ಲಿ ಸರಿಯಾಗಿದ್ದ ‘ತಿಮಿಂಗಿಲ’ವನ್ನು ನಾನು ಹೊಡೆದುಹಾಕಿದ್ದೆ, ತಪ್ಪಾಗಿದ್ದ ‘ಮೀನು’ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕೆಂಪು ಸೀಸದಕಡ್ಡಿಯನ್ನು ಅವಳ ಕೈಗೆ ಕೊಟ್ಟು, “ಈಗ ನೀನೇ ನನ್ನನ್ನು ತಿದ್ದಮ್ಮ” ಎಂದೆ.