ತಾತನ ಕಾಗದ ತಕ್ಕಡಿಗೆ ಹಾಕೋ ಮುಂಚೆ

1/5
ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ. ಹೋದ ಯುಗಾದಿಗೆ ಸುಣ್ಣ ಹೊಡಿಸೋಕೆ ಅಂತ ಅಟ್ಟ ಖಾಲಿ ಮಾಡಿದ್ವಿ. ತಾತನ ಟ್ರಂಕಿನಲ್ಲಿ ದಾರ ಕಟ್ಟಿದ್ದ ಎರಡು ಕಾಗದದ ಕಟ್ಟು ಇತ್ತು. ಒಂದನ್ನ ಹಳೇ ಪೇಪರ್ ಜೊತೆ ಗುಜರಿಯವನ ತಕ್ಕಡಿಗೆ ಹಾಕಿದೆ. ಕೆಜಿಗೆ 12 ರೂಪಾಯಿ, ಎರಡೂವರೆ ಕೆಜಿ, ಕೈಗೆ ಬಂದಿದ್ದು 30 ರೂಪಾಯಿ. ಗಾಡಿ ಹೋದ ಮೇಲೆ ಅಜ್ಜಿ ಬಂದು ನೋಡಿದ್ರು. "ಇನ್ನೊಂದು ಕಟ್ಟು ಎಲ್ಲಿ ಮಗ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

2/5
ನಮ್ಮ ತಾತ ಮದ್ರಾಸ್ ರೆಜಿಮೆಂಟಿನಲ್ಲಿ ಸಿಪಾಯಿ. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ರು. ಉಳಿದ ಕಟ್ಟಿನಲ್ಲಿ ಒಂದಷ್ಟು ಇನ್‌ಲ್ಯಾಂಡ್ ಲೆಟರ್, ಡಿಸ್ಚಾರ್ಜ್ ಬುಕ್ಕು, ಒಂದು ಪುಟ್ಟ ಡೈರಿ ಇತ್ತು. ಲೆಟರಿನ ಮೇಲೆ ಊರಿನ ಹೆಸರೇ ಇಲ್ಲ, ಬರೀ "ಕೇರಾಫ್ 56 ಎ.ಪಿ.ಓ." ಮಗ ಎಲ್ಲಿದ್ದಾನೆ ಅಂತ ವಿಳಾಸ ನೋಡಿ ಮನೆಯವರಿಗೆ ಗೊತ್ತಾಗ್ತಿರ್ಲಿಲ್ಲ.

ಡೈರಿ ತೆಗೆದಾಗ ನಾನು ಹುಡುಕಿದ್ದು ಯುದ್ಧಾನ. ಡಿಸೆಂಬರ್ 3ಕ್ಕೆ ಶುರು, 17ಕ್ಕೆ ಕದನವಿರಾಮ ಅಂತ ನಾವೆಲ್ಲ ಓದಿದ್ದೀವಲ್ಲ. ಆ ಹದಿನೈದು ದಿನದ ಪುಟ ಪೂರ್ತಿ ಖಾಲಿ! ಮಿಕ್ಕಿದ್ದೆಲ್ಲ ಬರೀ ಲೆಕ್ಕ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಮನೆಗೆ ಎಂ.ಓ. 60. ಬ್ಲೇಡು. ಬೀಡಿ. ಕೋಲಾರದ ಗೆಳೆಯನಿಗೆ ಕೈಸಾಲ 15.

ಬೇಜಾರಾಗಿ ಮುಚ್ಚೋಕೆ ಹೋದೆ. ಆಮೇಲೆ ಬಿಕಾಂ ಬುದ್ಧಿ ಕೆಲಸ ಮಾಡ್ತು. ಆ 15 ರೂಪಾಯಿ ವಾಪಸ್ ಬಂತಾ ಅಂತ ಪುಟ ತಿರುಗಿಸ್ತಾ ಹೋದೆ. ಬಂದಿಲ್ಲ. ಡಿಸೆಂಬರ್ 22ರಂದು ಆ ಸಾಲಿನ ಮೇಲೆ ಒಂದು ಗೀಟು ಎಳೆದಿದ್ದಾರೆ. ಕಾರಣ ಬರೆದಿಲ್ಲ. ನಾವು ಬ್ಯಾಡ್ ಡೆಟ್ ಅಂತ ಜರ್ನಲ್ ಎಂಟ್ರಿ ಹಾಕ್ತೀವಲ್ಲ, ಅದು. ಜನವರಿಯಿಂದ ಬಲಗಡೆ ಹೊಸ ಸಾಲು: "ಕೋಲಾರಕ್ಕೆ ಎಂ.ಓ. 20." ಡೈರಿ ಮುಗಿಯೋವರೆಗೂ ಪ್ರತಿ ತಿಂಗಳು. ಅಜ್ಜಿನ ಕೇಳಿದೆ. "ಆ ಹುಡುಗ ವಾಪಸ್ ಬರ್ಲಿಲ್ಲ. ಅವ್ನಿಗೆ ವಯಸ್ಸಾದ ತಾಯಿ ಇದ್ರು" ಅಂದ್ರು.

ಎಷ್ಟು ವರ್ಷ ಕಳ್ಸಿದ್ರು? ಅಜ್ಜಿಗೆ ನೆನಪಿಲ್ಲ. ಮುಂದಿನ ವರ್ಷಗಳ ಡೈರಿ ಇದ್ದದ್ದು ಆ ಇನ್ನೊಂದು ಕಟ್ಟಿನಲ್ಲಿ.

3/5
ಇದು ನಮ್ಮನೆ ಕಥೆ ಮಾತ್ರ ಅಲ್ಲ. ಕಾರ್ಗಿಲ್ ನೆನಪಿಸ್ಕೊಳ್ಳಿ. 1999ರ ಜೂನ್ 13ಕ್ಕೆ ತೋಲೋಲಿಂಗ್ ಗೆದ್ದ 2 ರಜಪುತಾನ ರೈಫಲ್ಸ್‌ನ ಮುನ್ನಡೆಸಿದ್ದು ನಮ್ಮ ದಾವಣಗೆರೆ ಕಡೆಯ ಎಂ.ಬಿ. ರವೀಂದ್ರನಾಥ್. ಅದೇ ಬೆಟಾಲಿಯನ್‌ನಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಇದ್ರು. ಜೂನ್ 29ಕ್ಕೆ ತೀರಿಕೊಂಡಾಗ ವಯಸ್ಸು 22. ನಮಗಿಂತ ಎರಡು ವರ್ಷ ದೊಡ್ಡವರು, ಅಷ್ಟೇ. ದಾಳಿಗೆ ಮುಂಚೆ ಮನೆಗೆ ಬರೆದಿಟ್ಟ ಕಾಗದದಲ್ಲಿ ಅವರು ಅಪ್ಪ ಅಮ್ಮನಿಗೆ ಹೇಳಿದ್ದರಲ್ಲಿ ಇದೂ ಒಂದು: ಕಾಶ್ಮೀರದ ಒಂದು ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡೋದು ನಿಲ್ಲಿಸಬೇಡಿ. ಸಾಯೋ ಮುಂಚಿನ ಕಾಗದದಲ್ಲೂ ಲೆಕ್ಕ ಇದೆ ನೋಡಿ.

ಇನ್ನೂ ಹಿಂದಕ್ಕೆ ಹೋದ್ರೆ ಮೊದಲನೇ ಮಹಾಯುದ್ಧ. ಫ್ರಾನ್ಸ್‌ನಲ್ಲಿ ಹೋರಾಡಿದ ನಮ್ಮ ಸಿಪಾಯಿಗಳ ಕಾಗದಗಳನ್ನ ಬ್ರಿಟಿಷರು ಒಡೆದು ಓದ್ತಿದ್ರು. ಅದಕ್ಕೆ ಭಾರತೀಯ ಸೈನಿಕರಿಗೆ ಕರಿಮೆಣಸು, ಬಿಳಿಯರಿಗೆ ಕೆಂಪು ಮೆಣಸಿನಕಾಯಿ ಅಂತ ಗುಟ್ಟಾಗಿ ಬರೆದವರೂ ಇದ್ರು. ಆ ಮೂಲ ಕಾಗದಗಳಲ್ಲಿ ಬಹುಪಾಲು ಇವತ್ತು ಇಲ್ಲ. ನಾವು ಓದೋದು ಸೆನ್ಸಾರ್‌ನವರು ಇಂಗ್ಲಿಷಿಗೆ ಇಳಿಸ್ಕೊಂಡ ತುಣುಕುಗಳನ್ನ. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂದ್ರೆ ಅನುಮಾನದಿಂದ ಓದಿದವರು ಉಳಿಸಿದ್ರು, ಪ್ರೀತಿಯಿಂದ ಕಾಯ್ದವರ ಮನೆಯಲ್ಲಿ ಕಳೆದುಹೋಯ್ತು.

4/5
ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಜುಲೈ 26ಕ್ಕೆ ನಾವೆಲ್ಲ ಸ್ಟೇಟಸ್ ಹಾಕ್ತೀವಿ. ಹಾಕೋಣ, ತಪ್ಪಲ್ಲ. ಆದ್ರೆ ನಮ್ಮನೆ ಅಟ್ಟದ ಮೇಲಿರೋ ಸೈನಿಕನ ಕಾಗದ ಓದದೇ ಸ್ಟೇಟಸ್ ಹಾಕೋದು ನನಗೆ ಈಗ ನಾಚಿಕೆ ಅನ್ಸುತ್ತೆ.

"ಸರ್ಕಾರ ಇಟ್ಕೊಂಡಿರುತ್ತೆ ಬಿಡು" ಅಂತೀರಾ? ಯುದ್ಧದ ದಾಖಲೆ ಕಾಪಾಡೋಕೆ ರಕ್ಷಣಾ ಸಚಿವಾಲಯ 2021ರಲ್ಲಿ ಒಂದು ನೀತಿ ತಂದಿದೆ, ನಿಜ. ಅದು ಸರ್ಕಾರಿ ದಾಖಲೆಗೆ. ಬೀಡಿ ಲೆಕ್ಕ, ಕೋಲಾರದ ಎಂ.ಓ. ಅದರಲ್ಲಿ ಇರಲ್ಲ. ನಮ್ಮೂರ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು ಅಂತ ಎಲ್ಲರಿಗೂ ಹೆಮ್ಮೆಯಿಂದ ಹೇಳ್ತೀವಿ. ಹಳೇ ಮರದ ಬೆಲೆ ಗೊತ್ತಿರೋ ಊರಿನವರು ನಾವು. ಹಳೇ ಕಾಗದದ ಬೆಲೆ ನನಗೆ ಗೊತ್ತಿರ್ಲಿಲ್ಲ.

ಹಾಗಂತ ಸಿಕ್ಕಿದ್ದೆಲ್ಲ ಪೋಸ್ಟ್ ಮಾಡ್ಬೇಡಿ. ತಾತ ಅಜ್ಜಿಗೆ ಬರೆದ ಲೆಟರ್ ನಾನು ಓದಿಲ್ಲ. ಅಜ್ಜಿ ಬೇಡ ಅಂದ್ರು, ಮುಗೀತು. ಡೈರಿ ಪುಟದ ಫೋಟೋಗೂ ಅವರನ್ನ ಕೇಳೇ ಹಾಕಿದ್ದು, ಅದರಲ್ಲೂ ಗೆಳೆಯರ ಹೆಸರು ಮುಚ್ಚಿದ್ದೀನಿ.

5/5
ನಿಮ್ಮನೆಯಲ್ಲಿ, ಪಕ್ಕದ್ಮನೆಯಲ್ಲಿ ಯಾರಾದ್ರೂ ಮಿಲಿಟರಿಯಲ್ಲಿ ಇದ್ದಿದ್ರೆ ಇಷ್ಟು ಮಾಡಿ:
• ಕಾಗದ ಯಾರದ್ದೋ, ಈಗ ಯಾರ ಹತ್ರ ಇದೆಯೋ, ಅವರನ್ನ ಕೇಳಿ.
• ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ದೆ, ಒಂದೊಂದು ಪುಟದ ಫೋಟೋ ತೆಗೀರಿ. ಖಾಲಿ ಪುಟಾನೂ ಬಿಡ್ಬೇಡಿ.
• ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ.
• ಡಿಸ್ಚಾರ್ಜ್ ಬುಕ್, ಪಿ.ಪಿ.ಓ. ನಂಬರ್ ಆನ್‌ಲೈನ್‌ಗೆ ಹಾಕ್ಲೇಬೇಡಿ. ಪೆನ್ಷನ್ ವಿಷಯ ಅದು.
• ಹೆಸರು ಬಂದಲ್ಲೆಲ್ಲ "ಇವ್ರು ಯಾರು?" ಅಂತ ಕೇಳಿ ಬರ್ಕೊಳ್ಳಿ. ಉತ್ತರ ಹೇಳೋರು ಈಗ ಇದ್ದಾರೆ.

ಆ 30 ರೂಪಾಯಿ ಇನ್ನೂ ಖರ್ಚು ಮಾಡಿಲ್ಲ. ಡೈರಿ ಒಳಗೇ ಇಟ್ಟಿದ್ದೀನಿ. ಯಾವ ಖಾತೆಗೆ ಬರೀಬೇಕು ಅಂತ ಗೊತ್ತಾಗ್ತಿಲ್ಲ.

ಈ ಭಾನುವಾರ ನಿಮ್ಮ ಅಟ್ಟ ಹತ್ತಿ. ಏನು ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ.

#ನಲ್ಲೂರು #ದೇವನಹಳ್ಳಿ #ತಾತನಡೈರಿ #ಬಿಕಾಂಹುಡುಗ್ರು